ಮಲಗಿದ ತಕ್ಷಣ ಕಾಲಿಗೇನಾಗುತ್ತೆ?

ಪ್ರಶ್ನೆ: ಡಾಕ್ಟ್ರೇ, ನನಗೆ 48 ವರ್ಷ. ಹಗಲೆಲ್ಲಾ ಆರಾಮಾಗಿರುತ್ತೇನೆ. ರಾತ್ರಿ ಹಾಸಿಗೆಗೆ ಬಿದ್ದು ಹತ್ತು ನಿಮಿಷ ಆಗಿರುವುದಿಲ್ಲ, ಮೊಣಕಾಲಿನ ಕೆಳಗೆ ಒಳಗೊಳಗೇ ಏನೋ ಹರಿದಾಡಿದ ಹಾಗಾಗುತ್ತದೆ. ನೋವು ಅಂತಲೂ ಹೇಳೋಕಾಗಲ್ಲ. ಕಾಲು ಆಡಿಸಲೇಬೇಕು ಅನಿಸುತ್ತದೆ. ಎದ್ದು ಓಡಾಡಿದರೆ ಹೋಗುತ್ತದೆ, ಮಲಗಿದರೆ ಮತ್ತೆ ಶುರು. ನೆಗಡಿ ಮಾತ್ರೆ ತೆಗೆದುಕೊಂಡ ರಾತ್ರಿಯಂತೂ ಕಣ್ಣೇ ಮುಚ್ಚಲಿಲ್ಲ. ಹಿಮೋಗ್ಲೋಬಿನ್ 12.4 ಇದೆ, ಏನೂ ತೊಂದರೆ ಇಲ್ಲ ಅಂದರು. ಮನೆಯಲ್ಲಿ ‘ನಿನಗೆ ಯೋಚನೆ ಜಾಸ್ತಿ’ ಅನ್ನುತ್ತಾರೆ. ನಿಜವಾಗಲೂ ಇದು ನನ್ನ ಭ್ರಮೆಯಾ?

ಉತ್ತರ: ಭ್ರಮೆ ಅಲ್ಲ. ಇದಕ್ಕೆ ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್ ಅಂತ ಹೆಸರಿದೆ. 1672ರಲ್ಲೇ ಥಾಮಸ್ ವಿಲ್ಲಿಸ್ ಎಂಬ ಇಂಗ್ಲಿಷ್ ವೈದ್ಯರು ಇದರ ಬಗ್ಗೆ ಬರೆದಿಟ್ಟಿದ್ದಾರೆ, ಆಮೇಲೆ 1945ರಲ್ಲಿ ಸ್ವೀಡನ್ನಿನ ಎಕ್‌ಬೊಮ್ ವಿವರವಾಗಿ ಬರೆದರು. ಅಷ್ಟು ಹಳೆಯ ಕಾಯಿಲೆಗೆ ಇವತ್ತಿಗೂ ‘ಯೋಚನೆ ಜಾಸ್ತಿ’ ಅನ್ನುವವರಿದ್ದಾರೆ, ಏನು ಹೇಳೋದು!

ನಿಮ್ಮ ನಾಲ್ಕೇ ಸಾಲಿನಲ್ಲಿ ನಮಗೆ ಬೇಕಾದ್ದೆಲ್ಲಾ ಇದೆ. ಆಡಿಸಲೇಬೇಕು ಅನ್ನುವ ತಹತಹ, ಸುಮ್ನೆ ಇದ್ದಾಗ ಜಾಸ್ತಿ, ಓಡಾಡಿದರೆ ಕಡಿಮೆ, ಹಗಲಿಗಿಂತ ರಾತ್ರಿ ಕಾಟ. ಇದನ್ನು ಕಂಡುಹಿಡಿಯಲು ಸ್ಕ್ಯಾನ್ ಬೇಡ, ರಾತ್ರಿಯೆಲ್ಲಾ ವೈರ್ ಅಂಟಿಸಿ ಮಲಗಿಸುವ ನಿದ್ರೆ ಪರೀಕ್ಷೆಯೂ ಬೇಡ, ಕೂರಿಸಿ ಸರಿಯಾಗಿ ಕೇಳಿದರೆ ಸಾಕು. ಮೀನಖಂಡ ಹಿಡಿದುಕೊಂಡು ಕಲ್ಲಿನ ಹಾಗೆ ಗಟ್ಟಿಯಾಗುತ್ತದಲ್ಲ, ಅದು ಬೇರೆ. ಕಾಲು ಜೋಮು ಹಿಡಿಯುವುದೂ ಬೇರೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಹಿಮೋಗ್ಲೋಬಿನ್ ಸರಿ ಇದೆ ಅಂದರೆ ಕಬ್ಬಿಣದ ಅಂಶ ಸರಿ ಇದೆ ಅಂತ ಅರ್ಥ ಅಲ್ಲ. ರಕ್ತದಲ್ಲಿರುವುದು ಕೈಖರ್ಚಿನ ದುಡ್ಡು ಅಂದುಕೊಳ್ಳಿ, ದೇಹದ ಉಳಿತಾಯ ಎಷ್ಟಿದೆ ಅಂತ ಹೇಳುವುದು ಫೆರಿಟಿನ್ ಪರೀಕ್ಷೆ. ಈ ಕಾಯಿಲೆಯಲ್ಲಿ ಮೆದುಳಿಗೆ ಕಬ್ಬಿಣ ಸಾಲುತ್ತಿರುವುದಿಲ್ಲ, ಅದರಿಂದ ಡೋಪಮಿನ್ ಅನ್ನುವ ರಾಸಾಯನಿಕದ ಕೆಲಸ ಏರುಪೇರಾಗುತ್ತದೆ ಅನ್ನುವುದು ನಮ್ಮ ಈಗಿನ ತಿಳಿವಳಿಕೆ. ಹಾಗಾಗಿ ಫೆರಿಟಿನ್ ಮತ್ತು ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಕಬ್ಬಿಣ ಹೊತ್ತೊಯ್ಯುವ ಪ್ರೋಟೀನು ಎಷ್ಟು ತುಂಬಿದೆ ಅನ್ನುವ ಲೆಕ್ಕ) ಎರಡನ್ನೂ ಮಾಡಿಸಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಿ. ಜ್ವರ, ಸೋಂಕು ಇದ್ದಾಗ ಮಾತ್ರ ಬೇಡ, ಆಗ ಫೆರಿಟಿನ್ ಸುಮ್ನೆ ಏರಿ ಕೂತಿರುತ್ತದೆ. ಇನ್ನೊಂದು ಮಾತು. ಲ್ಯಾಬಿನವರು ಫೆರಿಟಿನ್ 20 (ng/mL) ಬಂದರೂ ನಾರ್ಮಲ್ ಅಂತ ಬರೆದು ಕೊಡಬಹುದು, ಆದರೆ ನಿಮ್ಮಂಥವರಲ್ಲಿ 75 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ನಾವು ಕಬ್ಬಿಣದ ಚಿಕಿತ್ಸೆಯ ಬಗ್ಗೆ ಯೋಚಿಸುತ್ತೇವೆ. ರಿಪೋರ್ಟಿನಲ್ಲಿ ಪಕ್ಕದ ಪದ ನೋಡಬೇಡಿ, ಅಂಕಿ ನೋಡಿ.

ಪರೀಕ್ಷೆ ಮಾಡಿಸದೆ ಕಬ್ಬಿಣದ ಮಾತ್ರೆ ನುಂಗಬೇಡಿ, ಅದು ಮೈಯಲ್ಲಿ ಜಾಸ್ತಿಯಾದರೂ ಅಪಾಯವೇ. ಕೊಟ್ಟರೆ ಕಾಫಿ, ಟೀ ಜೊತೆ ತೆಗೆದುಕೊಳ್ಳಬೇಡಿ. ವಾರದಲ್ಲಿ ಗುಣ ಕಾಣಲ್ಲ, ಮೂರು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ ಮಾಡಿ ನೋಡಬೇಕು. ಮಾತ್ರೆ ಹೊಟ್ಟೆಗೆ ಒಗ್ಗದಿದ್ದರೆ ಡ್ರಿಪ್ ಮೂಲಕವೂ ಕೊಡುತ್ತಾರೆ.

ನೆಗಡಿ ಮಾತ್ರೆಯ ವಿಷಯ ನೀವೇ ಗಮನಿಸಿದ್ದು ಒಳ್ಳೆಯದಾಯಿತು. ನಿದ್ದೆ ಬರಿಸುವ ಹಳೆಯ ಅಲರ್ಜಿ ಮಾತ್ರೆಗಳು ಇದನ್ನು ಕೆರಳಿಸುತ್ತವೆ. ತಮಾಷೆ ನೋಡಿ, ನಿದ್ದೆ ಬರಲಿ ಅಂತ ಅದನ್ನೇ ನುಂಗುವವರಿದ್ದಾರೆ. ವಾಂತಿ ನಿಲ್ಲಿಸುವ ಮೆಟೊಕ್ಲೊಪ್ರಮೈಡ್, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳೂ ಇದೇ ಸಾಲಿನವು. ಅವುಗಳನ್ನು ನೀವಾಗಿಯೇ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ, ಬದಲಿಸಬಹುದಾ ಅಂತ.

ಪ್ರಶ್ನೆ: ನಮ್ಮ ಯಜಮಾನರಿಗೆ 60. ನಿದ್ದೆಯಲ್ಲಿ ಅರ್ಧ ನಿಮಿಷಕ್ಕೊಮ್ಮೆ ಕಾಲು ಝಾಡಿಸುತ್ತಾರೆ, ಎಣಿಸಿಯೇ ನೋಡಿದ್ದೇನೆ! ಅವರಿಗೆ ಗೊತ್ತೇ ಆಗಲ್ಲ, ಗೊರಕೆ ಬೇರೆ. ಒದೆ ತಿನ್ನುವವಳು ನಾನು. ಇದೂ ಅದೇ ಕಾಯಿಲೆಯಾ?

ಉತ್ತರ: ಸಂಬಂಧಿಕರು, ಆದರೆ ಒಂದೇ ಅಲ್ಲ. ಮೊದಲಿನದು ಎಚ್ಚರವಿದ್ದಾಗ ಅನುಭವಕ್ಕೆ ಬರುವಂಥದ್ದು, ಇದು ನಿದ್ದೆಯಲ್ಲಿ ತಾನಾಗಿ ಆಗುವಂಥದ್ದು. ಹೆಬ್ಬೆರಳು ಮೇಲಕ್ಕೆತ್ತಿಕೊಳ್ಳುತ್ತದೆ, ಪಾದ ಮಡಚುತ್ತದೆ, ಕೆಲವೊಮ್ಮೆ ಮೊಣಕಾಲೂ. ಸಾಮಾನ್ಯವಾಗಿ 20ರಿಂದ 40 ಸೆಕೆಂಡಿಗೊಮ್ಮೆ, ಗಡಿಯಾರದ ಹಾಗೆ. ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ಕಾಲಿನ ತಹತಹ ಇರುವವರಲ್ಲಿ ಹೆಚ್ಚಿನವರಿಗೆ ಈ ಒದೆತವೂ ಇರುತ್ತದೆ, ಆದರೆ ಒದೆಯುವವರಿಗೆಲ್ಲಾ ತಹತಹ ಇರುವುದಿಲ್ಲ. ವಯಸ್ಸಾದವರಲ್ಲಿ ಇದು ಸಾಮಾನ್ಯ. ಅವರಿಗೆ ಹಗಲು ತೂಕಡಿಕೆ ಇಲ್ಲದಿದ್ದರೆ ಇದಕ್ಕೆ ಔಷಧಿ ಬೇಕಾಗಿಲ್ಲ.

ನನಗೆ ಯೋಚನೆ ಆಗಿದ್ದು ಗೊರಕೆಯದು. ಗೊರಕೆಯ ಮಧ್ಯೆ ಉಸಿರು ನಿಂತು ಮತ್ತೆ ‘ಹಾ’ ಅಂತ ಎಳೆದುಕೊಳ್ಳುತ್ತಾರಾ ನೋಡಿ. ಹಾಗಿದ್ದರೆ ಅದು ಸ್ಲೀಪ್ ಆಪ್ನಿಯಾ ಇರಬಹುದು, ಅದರಿಂದಲೂ ಕಾಲು ಝಾಡಿಸಬಹುದು, ಅವರಿಗೆ ನಿದ್ರೆ ಪರೀಕ್ಷೆ ಖಂಡಿತ ಮಾಡಿಸಬೇಕು. ಒದೆಯುವುದರ ಜೊತೆ ಕನಸಿನಲ್ಲಿ ಜಗಳವಾಡಿದ ಹಾಗೆ ಕೂಗುವುದು, ಗುದ್ದುವುದು ಇದ್ದರೆ ಅದು ಮತ್ತೊಂದೇ ಕಾಯಿಲೆ, ನರರೋಗ ತಜ್ಞರಿಗೆ ತೋರಿಸಿ. ಅಲ್ಲಿಯವರೆಗೆ ನೀವು ಬೇರೆ ಹಾಸಿಗೆಯಲ್ಲಿ ಮಲಗಿ, ಅದರಲ್ಲೇನೂ ತಪ್ಪಿಲ್ಲ.

ಪ್ರಶ್ನೆ: ನನಗೀಗ ಎಂಟು ತಿಂಗಳು. ಕಾಲಿನ ಚಡಪಡಿಕೆ ಶುರುವಾಗಿದೆ. ಮಗುವಿಗೆ ತೊಂದರೆಯಾ?

ಉತ್ತರ: ಈ ಚಡಪಡಿಕೆಯಿಂದ ಮಗುವಿಗೆ ಏನೂ ಆಗಲ್ಲಮ್ಮ. ಕೊನೆಯ ಮೂರು ತಿಂಗಳಲ್ಲಿ ಇದು ತುಂಬಾ ಜನಕ್ಕೆ ಬರುತ್ತದೆ, ಹೆರಿಗೆಯಾಗಿ ಕೆಲವು ವಾರಗಳಲ್ಲಿ ಹೆಚ್ಚಿನವರಿಗೆ ಹೋಗಿಬಿಡುತ್ತದೆ. ಫೆರಿಟಿನ್ ನೋಡಿಸಿ, ಸಂಜೆಯ ಕಾಫಿ ಬಿಡಿ, ಮಲಗುವ ಮುಂಚೆ ಯಾರಾದರೂ ಕಾಲು ಒತ್ತಿಕೊಡಲಿ.

ಪ್ರಶ್ನೆ: ಅಪ್ಪನಿಗೆ ಇದೇ ಕಾಯಿಲೆಗೆ ನಾಲ್ಕು ವರ್ಷದಿಂದ ಪ್ರಮಿಪೆಕ್ಸೋಲ್ ಕೊಡುತ್ತಿದ್ದೇವೆ. ಮೊದಲು ಮ್ಯಾಜಿಕ್ ಥರ ಕೆಲಸ ಮಾಡಿತು. ಈಗ ಮಧ್ಯಾಹ್ನ ಮೂರಕ್ಕೇ ಶುರುವಾಗುತ್ತದೆ, ಕೈಗೂ ಬಂದಿದೆ. ಡೋಸ್ ಹೆಚ್ಚಿಸೋಣವಾ?

ಉತ್ತರ: ಬೇಡ. ಕಾಯಿಲೆ ಬೆಳೆಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಆದರೆ ನೀವು ಹೇಳುತ್ತಿರುವುದು ಮಾತ್ರೆಯೇ ತಂದಿಟ್ಟ ತೊಂದರೆಯ ಹಾಗಿದೆ. ಇದನ್ನು ಆಗ್ಮೆಂಟೇಶನ್ ಅನ್ನುತ್ತೇವೆ. ಡೋಸ್ ಏರಿಸಿದರೆ ಸ್ವಲ್ಪ ದಿನ ಹಿತ, ಆಮೇಲೆ ಇನ್ನೂ ಬೇಗ, ಇನ್ನೂ ಜೋರು. ಇದೇ ಕಾರಣಕ್ಕೆ ಅಮೆರಿಕದ ನಿದ್ರಾ ತಜ್ಞರ ಸಂಘ 2025ರ ಮಾರ್ಗಸೂಚಿಯಲ್ಲಿ ಡೋಪಮಿನ್ ಥರ ಕೆಲಸ ಮಾಡುವ ಇಂಥ ಮಾತ್ರೆಗಳನ್ನು ಮಾಮೂಲಿಯಾಗಿ ಕೊಡಬೇಡಿ ಅಂದಿದೆ, ಗಾಬಾಪೆಂಟಿನ್, ಪ್ರಿಗಾಬಾಲಿನ್ ಥರದವುಗಳನ್ನು ಮುಂದಿಟ್ಟಿದೆ. ಅವುಗಳಿಗೂ ತಲೆಸುತ್ತು, ಮಂಪರು ಅಂತ ತಾಪತ್ರಯ ಇದೆ, ವಯಸ್ಸಾದವರು ಬೀಳದ ಹಾಗೆ ನೋಡಿಕೊಳ್ಳಬೇಕು.

ಆದರೆ ಈಗಿನ ಮಾತ್ರೆಯನ್ನು ದಿಢೀರ್ ನಿಲ್ಲಿಸಬೇಡಿ, ಕೆಲವು ರಾತ್ರಿ ನರಕವಾಗುತ್ತದೆ. ವೈದ್ಯರ ಜೊತೆ ಕೂತು ನಿಧಾನಕ್ಕೆ ಇಳಿಸಿ. ಕಿಡ್ನಿ ಪರೀಕ್ಷೆಯೂ ಆಗಲಿ, ಅಲ್ಲಿ ತೊಂದರೆ ಇದ್ದರೂ ಕಾಲು ಹೀಗೆ ಕಾಡುತ್ತದೆ. ಇನ್ನೊಂದು ಸಂಗತಿ ಕೇಳೋಕೆ ಮುಜುಗರ, ಆದರೂ ಕೇಳಿ: ಇತ್ತೀಚೆಗೆ ಅಪ್ಪ ಜೂಜು, ಲಾಟರಿ, ಬೇಡದ್ದನ್ನೆಲ್ಲಾ ಕೊಳ್ಳುವುದು ಶುರು ಮಾಡಿದ್ದಾರಾ? ಅದೂ ಈ ಮಾತ್ರೆಯ ಅಡ್ಡಪರಿಣಾಮ. ಹಾಗಿದ್ದರೆ ಅವರನ್ನು ಬೈಯಬೇಡಿ, ಮುಂದಿನ ತಿಂಗಳ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಈ ವಾರವೇ ಡಾಕ್ಟರಿಗೆ ಹೇಳಿ.