ಸಹಿ ಬಿತ್ತು, ಪಾಲು ಆಗಲಿಲ್ಲ

ಪ್ರಶ್ನೆ: ದೇಶಗಳು ಒಪ್ಪಂದಕ್ಕೆ ‘ಸಹಿ ಹಾಕಿದವು’ ಅಂತ ಒಂದು ಸುದ್ದಿ ಬರುತ್ತದೆ. ಕೆಲವು ತಿಂಗಳಾದ ಮೇಲೆ ‘ಅನುಮೋದನೆ ಕೊಟ್ಟವು’ ಅಂತ ಇನ್ನೊಂದು. ಸಹಿ ಹಾಕಿದ ಮೇಲೆ ಮತ್ತೆ ಒಪ್ಪುವುದು ಏನಿರುತ್ತದೆ ಸಾರ್? ಹಾಗೇ ‘ಮುಕ್ತ ಮಾತುಕತೆ’, ‘ಪರ್ಸೋನಾ ನಾನ್ ಗ್ರಾಟಾ’ ಎಂದರೇನು?
– ಓದುಗರೊಬ್ಬರು, ಹೊಸನಗರ

ಉತ್ತರ: ನಮ್ಮ ಮನೆಯ ಪಾಲಿನ ಕಥೆ ಹೇಳುತ್ತೇನೆ ಕೇಳಿ. ತೀರ್ಥಹಳ್ಳಿ ಕಡೆ ನಮ್ಮದು ಎರಡು ಎಕರೆ ಅಡಿಕೆ ತೋಟ, ಮೇಲೆ ಒಂದು ತುಂಡು ಸೊಪ್ಪಿನ ಬೆಟ್ಟ. ಅಪ್ಪ, ಚಿಕ್ಕಪ್ಪ ಬೇರೆಯಾಗಲು ಊರಿನ ನಾಲ್ಕು ಹಿರಿಯರನ್ನು ಜಗಲಿಯಲ್ಲಿ ಕೂರಿಸಿದರು. ಎಲೆಯಡಿಕೆ ತಟ್ಟೆ ಮೂರು ಸಲ ಖಾಲಿಯಾಯಿತು. ಸಂಜೆ ಹೊತ್ತಿಗೆ ಕರಾರು ಬರೆದಾಯಿತು, ಚಿಕ್ಕಪ್ಪ ಸಹಿಯನ್ನೂ ಹಾಕಿದರು. ಒಳಗೆ ಹೋದರೆ ಚಿಕ್ಕಮ್ಮ, “ಅಬ್ಬಿ ನೀರು ಬೇಸಗೆಯಲ್ಲಿ ಮೊದಲು ಯಾರ ತೋಟಕ್ಕೆ? ಅದನ್ನೇ ಬರ್ದಿಲ್ವಲ್ಲ. ನಾನು ಒಪ್ಪಲ್ಲ” ಅಂದರು. ಪಾಲುಪತ್ರ ನೋಂದಣಿಯಾಗಿದ್ದು ಎರಡು ವರ್ಷದ ನಂತರ, ನೀರಿನ ಸರದಿ ಸೇರಿಸಿದ ಮೇಲೆ.

ಸಹಿ ಜಗಲಿಯದ್ದು, ಅನುಮೋದನೆ ಒಳಮನೆಯದ್ದು. ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ 1919ರಲ್ಲಿ ತಾವೇ ಪ್ಯಾರಿಸ್‌ಗೆ ಹೋಗಿ, ತಿಂಗಳುಗಟ್ಟಲೆ ಕೂತು, ಮೊದಲ ಮಹಾಯುದ್ಧದ ನಂತರದ ವರ್ಸೇಲ್ಸ್ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿ ಬಂದರು. ಅದರಲ್ಲಿದ್ದ ಲೀಗ್ ಆಫ್ ನೇಷನ್ಸ್ ಎಂಬ ದೇಶಗಳ ಒಕ್ಕೂಟ ಅವರದ್ದೇ ಕನಸು. ಆದರೆ ಅಮೆರಿಕದಲ್ಲಿ ಒಪ್ಪಂದ ಊರ್ಜಿತವಾಗಲು ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಮೂರನೇ ಎರಡರಷ್ಟು ಮತ ಬೇಕು. ಸಿಗಲಿಲ್ಲ. 1920ರಲ್ಲಿ ಮತ್ತೊಮ್ಮೆ ಮತಕ್ಕೆ ಹಾಕಿದರು, ಆಗಲೂ ಬಿತ್ತು. ವಿಲ್ಸನ್ ಕಟ್ಟಿದ ಲೀಗ್‌ಗೆ ಅವರ ದೇಶವೇ ಸೇರಲಿಲ್ಲ! ಪಾಪ, ನಮ್ಮ ಚಿಕ್ಕಪ್ಪನಿಗೆ ಎರಡೇ ವರ್ಷಕ್ಕೆ ಮುಗಿಯಿತು.

ನಮ್ಮಲ್ಲಿ ಇಷ್ಟು ಫಜೀತಿ ಇಲ್ಲ. ಸಾಮಾನ್ಯವಾಗಿ ಕೇಂದ್ರ ಸಂಪುಟ ಒಪ್ಪಿದರೆ ಸಾಕು. ಪ್ಯಾರಿಸ್ ಹವಾಮಾನ ಒಪ್ಪಂದಕ್ಕೆ ಭಾರತ ಸಹಿ ಹಾಕಿದ್ದು 2016ರ ಏಪ್ರಿಲ್ 22ಕ್ಕೆ, ಅನುಮೋದಿಸಿದ್ದು ಅದೇ ವರ್ಷ ಗಾಂಧಿ ಜಯಂತಿಯಂದು.

ಇನ್ನು ದೇಶಗಳು ಸಭೆ ಮುಗಿಸಿ ಕೊಡುವ ಹೇಳಿಕೆಯಲ್ಲಿ ಬರುವ ‘ಮುಕ್ತ ಮಾತುಕತೆ’. ಜೋರು ಜಗಳ ಆಯ್ತು ಅಂತ ಓದಿಕೊಳ್ಳಿ. ‘ರಚನಾತ್ಮಕ’ ಅಂತಲೂ ಸೇರಿಸಿದ್ದರೆ, ಏನೂ ತೀರ್ಮಾನ ಆಗಲಿಲ್ಲ, ಆದರೆ ಮತ್ತೆ ಕೂರುತ್ತಾರೆ ಅಂತ. ‘ಸೌಹಾರ್ದಯುತ’ ಅಂತಷ್ಟೇ ಇದ್ದರೆ ಕಾಫಿ ಚೆನ್ನಾಗಿತ್ತು, ಅಷ್ಟೆ. ಪಾಲಿನ ಮಾತುಕತೆಯ ಆ ದಿನ ಅಜ್ಜಿ ಏನಾಯ್ತು ಅಂತ ಕೇಳಿದಾಗ ಹಿರಿಯರೊಬ್ಬರು, “ಎಲ್ಲ ಮನಸ್ಸು ಬಿಚ್ಚಿ ಮಾತಾಡಿದ್ವಿ ಅಮ್ಮ” ಅಂದಿದ್ದರು. ಅಡುಗೆಮನೆ ಕಿಟಕಿಯಿಂದ ಪೂರ್ತಿ ಕೇಳಿಸಿಕೊಂಡಿದ್ದ ಅಜ್ಜಿ ಸುಮ್ನೆ ಲೋಟ ಎತ್ತಿಕೊಂಡು ಒಳಗೆ ಹೋದರು.

ಪರ್ಸೋನಾ ನಾನ್ ಗ್ರಾಟಾ ಲ್ಯಾಟಿನ್ ಮಾತು, ನಮಗೆ ಬೇಡದ ವ್ಯಕ್ತಿ ಅಂತ ಅರ್ಥ. ಬೇರೆ ದೇಶದ ರಾಯಭಾರಿ ಏನೇ ಮಾಡಿದರೂ ಬಂಧಿಸುವಂತಿಲ್ಲ. ಆದರೆ ರಾಯಭಾರಿಗಳ ವಿಚಾರಕ್ಕಿರುವ 1961ರ ವಿಯೆನ್ನಾ ಒಪ್ಪಂದದ 9ನೇ ವಿಧಿ ಪ್ರಕಾರ, ‘ಇವರು ನಮಗೆ ಬೇಡ’ ಅನ್ನಬಹುದು. ಕಾರಣ ಹೇಳಲೇಬೇಕು ಅಂತಿಲ್ಲ. ಕಳಿಸಿದ ದೇಶ ಅವರನ್ನು ವಾಪಸ್ ಕರೆಸಿಕೊಳ್ಳಬೇಕು. ಆ ಮನುಷ್ಯ ಇನ್ನೂ ವಿಮಾನವನ್ನೇ ಹತ್ತಿರದಿದ್ದರೂ ಬೇಡ ಅನ್ನಲು ಅವಕಾಶ ಇದೆ.