ಸೋರೋ ಮೋಲ್ಡಿಗೆ 420 ಕೇಸ್ ಹಾಕಬಹುದಾ?

ಪ್ರಶ್ನೆ: ಮೇಡಂ, ತುಮಕೂರಲ್ಲಿ ಮನೆ ಕಟ್ಟಿಸ್ತಿದೀವಿ, ಮೆಟೀರಿಯಲ್ ಸಮೇತ ಗುತ್ತಿಗೆ, ಇಲ್ಲಿವರೆಗೆ 18 ಲಕ್ಷ ಕೊಟ್ಟಿದೀವಿ. ಬೇಸಿಗೆಲಿ ಮೋಲ್ಡ್ ಹಾಕಿದ್ರು, ಸರಿಯಾಗಿ ನೀರು ಹೊಡೀಲಿಲ್ಲ, ಐದೇ ದಿನಕ್ಕೆ ಸೆಂಟ್ರಿಂಗ್ ಬಿಚ್ಚಿದ್ರು. ಈಗ ಮಳೆ ಬಂದ್ರೆ ಹಾಲ್ ಪೂರ್ತಿ ಸೋರತ್ತೆ, ಮಧ್ಯದಲ್ಲಿ ಬಿರುಕು ಬೇರೆ. ಕೇಳಿದ್ದಕ್ಕೆ ಕಾಂಟ್ರ್ಯಾಕ್ಟರ್ ಜಗಳ ಆಡಿ ಕೆಲಸ ನಿಲ್ಲಿಸಿದ. ಆಮೇಲೊಂದು ರಾತ್ರಿ ಗೇಟಿನ ಬೀಗ ಒಡೆದು ಬಂದು, ಫಿಟ್ ಮಾಡಿದ್ದ ಕಿಟಕಿ ಗ್ರಿಲ್ ಕಿತ್ಕೊಂಡು, ಮಿಕ್ಕಿದ್ದ ಕಂಬಿನೂ ಗಾಡಿಗೆ ಹಾಕ್ಕೊಂಡು ಹೋಗಿದಾನೆ. ನಮ್ಮ ಭಾವ ಸೀದಾ 420 ಹಾಕಿ ಅಂತಾರೆ. ಸ್ಟೇಷನ್ನಲ್ಲಿ ಸೋರೋದನ್ನ ಹೇಳ್ತಿದ್ದಂಗೆ ಸಿವಿಲ್ ಮ್ಯಾಟರ್ ಅಂತ ವಾಪಸ್ ಕಳಿಸಿದ್ರು. ಏನ್ ಮಾಡೋದು?
— ಹೆಸರು ಬೇಡ, ತುಮಕೂರು

ಉತ್ತರ: ಅಮ್ಮಾ, ನೀವು ಒಂದೇ ಜಗಳ ಅಂತ ಬರೆದಿದೀರ, ಆದ್ರೆ ಕಾನೂನಿನ ಕಣ್ಣಿಗೆ ಇದು ಎರಡು. ಮೋಲ್ಡ್ ಸೋರೋದು ನಿರ್ಲಕ್ಷ್ಯ, ಗ್ರಿಲ್ ಕಿತ್ಕೊಂಡು ಹೋಗಿದ್ದು ಬೇಕಂತಲೇ ಮಾಡಿದ್ದು. ಎರಡನ್ನೂ ಒಂದೇ ಅರ್ಜೀಲಿ ಕಲಸಿದ್ರಿಂದಲೇ ಸ್ಟೇಷನ್ನಲ್ಲಿ ನಿಮಗೆ ಹಂಗಾಯ್ತು.

ಭಾವ ಹೇಳೋ 420 ಈಗ ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್. ವಂಚನೆ ಅನ್ನಿಸ್ಕೋಬೇಕು ಅಂದ್ರೆ ದುಡ್ಡು ಇಸ್ಕೊಳ್ಳೋ ಹೊತ್ತಿಗೇ ಮೋಸ ಮಾಡೋ ಮನಸ್ಸಿತ್ತು ಅಂತ ತೋರಿಸ್ಬೇಕು, ಸುಪ್ರೀಂ ಕೋರ್ಟ್ ಇದನ್ನ ಎಷ್ಟೋ ಸಲ ಹೇಳಿದೆ. ಪಾಯದಿಂದ ಮೋಲ್ಡ್ ತನಕ ಮನೆ ಏರಿಸಿರೋ ಮನುಷ್ಯನ ಮೇಲೆ ಅದು ನಿಲ್ಲೋದು ಬಹಳ ಕಷ್ಟ. ಕೆಟ್ಟ ಕೆಲಸ ಬೇರೆ, ಮೋಸ ಬೇರೆ.

ಮೋಲ್ಡ್ ವಿಷಯಕ್ಕೆ ಜಿಲ್ಲಾ ಗ್ರಾಹಕರ ಆಯೋಗ ಸಾಕು. ಮನೆ ಕಟ್ಟಿಕೊಡೋದೂ ಸೇವೆನೇ ಅಂತ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೇಲೇ ಇದೆ. ಕೊಟ್ಟ ಹಣ 50 ಲಕ್ಷದ ಒಳಗಿದ್ರೆ ಜಿಲ್ಲಾ ಆಯೋಗ, ನಿಮ್ಮ 18 ಲಕ್ಷಕ್ಕೆ ಶುಲ್ಕ ಬರೀ 400 ರೂಪಾಯಿ, ಗಡುವು ಎರಡು ವರ್ಷ. ಆದ್ರೆ ಆ ದೂರಲ್ಲಿ ಮೋಸಗಾರ, ಕಳ್ಳ ಅಂತೆಲ್ಲ ತುಂಬಿಸ್ಬೇಡಿ. ವಂಚನೆ, ಅಪರಾಧದಂಥ ವಿಷಯ ಇರೋ ದೂರನ್ನ ಗ್ರಾಹಕರ ಆಯೋಗ ತೀರ್ಮಾನ ಮಾಡಕ್ಕಾಗಲ್ಲ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಎದುರಿನ ವಕೀಲರು ಮೊದಲ ದಿನವೇ ಅದನ್ನ ಎತ್ತಿ ತೋರಿಸ್ತಾರೆ. ಸೇವಾ ನ್ಯೂನತೆ ಅಂತಷ್ಟೇ ಬರೀರಿ, ಸಿಟ್ಟು ಎಷ್ಟೇ ಇರಲಿ.

ಅವನು ಅಜಾಗರೂಕತೆ ಮಾಡಿದ ಅಂತ ಹೇಳಕ್ಕೆ ನಿಮ್ಮ ಕೈಲಿ ಒಳ್ಳೆ ಅಳತೆಗೋಲೇ ಇದೆ. ಕಾಂಕ್ರೀಟಿಗೆ ನಮ್ಮ ದೇಶದ ಮಾನದಂಡ ಐಎಸ್ 456, ಅದರ ಪ್ರಕಾರ ಸಾಮಾನ್ಯ ಸಿಮೆಂಟ್ ಆದ್ರೆ ಕಮ್ಮಿ ಅಂದ್ರೂ 7 ದಿನ ತೇವ ಇರಬೇಕು, ಹಾರುಬೂದಿ ಸೇರಿರೋ ಪಿಪಿಸಿ ಸಿಮೆಂಟೋ ಅಥವಾ ಬಿರುಬೇಸಿಗೆನೋ ಆದ್ರೆ 10 ದಿನ, ಇನ್ನು ಸ್ಲ್ಯಾಬ್ ಕೆಳಗಿನ ಆಸರೆ ಕಂಬ ಹಾಲ್ ಅಗಲ ನಾಲ್ಕೂವರೆ ಮೀಟರ್ ಒಳಗಿದ್ರೆ 7 ದಿನ, ಜಾಸ್ತಿ ಇದ್ರೆ 14 ದಿನ. ಐದು ದಿನಕ್ಕೆ ಆಸರೆನೂ ಸೇರಿ ಬಿಚ್ಚಿದ್ರೆ ಎರಡು ಲೆಕ್ಕದಲ್ಲೂ ತಪ್ಪೇ. ಆದ್ರೆ ಒಂದು ಮಾತು, ಗೃಹಪ್ರವೇಶದ ಮುಹೂರ್ತ ಹತ್ರ ಬಂತು, ಬೇಗ ಬಿಚ್ಚಿ ಅಂತ ನೀವೇನಾದ್ರೂ ವಾಟ್ಸಾಪಲ್ಲಿ ಒತ್ತಾಯ ಮಾಡಿದ್ರಾ? (ಬಹಳ ಜನ ಮಾಡಿರ್ತಾರೆ.) ಮಾಡಿದ್ರೆ ನಿಮ್ಮ ಪಾಲಿನ ತಪ್ಪು ಅಂತ ಪರಿಹಾರ ಕಮ್ಮಿ ಆಗಬಹುದು, ನಿಮ್ಮ ವಕೀಲರಿಗೆ ಮೊದಲೇ ಹೇಳಿಬಿಡಿ.

ಆಮೇಲೆ ದಯವಿಟ್ಟು ಈಗಲೇ ವಾಟರ್‌ಪ್ರೂಫಿಂಗ್ ಹಾಕಿಸಿ ಬಿರುಕು ಮುಚ್ಚಿಸ್ಬೇಡಿ. ಮೊದಲು ಸ್ಟ್ರಕ್ಚರಲ್ ಇಂಜಿನಿಯರ್ ಕರೆಸಿ ಹ್ಯಾಮರ್ ಟೆಸ್ಟು (ಕಾಂಕ್ರೀಟ್ ಎಷ್ಟು ಗಟ್ಟಿ ಅಂತ ತಟ್ಟಿ ನೋಡೋ ಪರೀಕ್ಷೆ), ಬೇಕಾದ್ರೆ ಕೋರ್, ಅಂದ್ರೆ ಕಾಂಕ್ರೀಟಿಂದ ಕೊರೆದ ತುಂಡು, ತೆಗೆಸಿ ರಿಪೋರ್ಟ್ ಮಾಡಿಸಿ, ಫೋಟೋ ವಿಡಿಯೋ ತೆಗೀರಿ, ರಿಪೇರಿ ಮಾಡ್ಸೋ ಮುಂಚೆ ಬಂದು ನೋಡ್ಕೊಂಡು ಹೋಗು ಅಂತ ಅವನಿಗೆ ರಿಜಿಸ್ಟರ್ಡ್ ನೋಟಿಸ್ ಕಳಿಸಿ. ಸ್ಲ್ಯಾಬ್ ಬೀಳೋ ಹಂಗಿದೆ ಅಂತ ಇಂಜಿನಿಯರ್ ಹೇಳಿದ್ರೆ ಮಾತ್ರ ಆಸರೆ ಕೊಡಿ, ಕಾಯಬೇಡಿ.

ಇನ್ನು ಗ್ರಿಲ್ಲು. ಗೋಡೆಗೆ ಕೂರಿಸಿದ ಮೇಲೆ ಅದು ನಿಮ್ಮ ಮನೆಯ ಭಾಗ, ಬಾಕಿ ದುಡ್ಡು ಬರಬೇಕಿದ್ರೂ ಅವನು ಕೋರ್ಟಿಗೆ ಹೋಗಬೇಕೇ ಹೊರತು ರಾತ್ರಿ ಬೀಗ ಒಡೆದು ಬರೋ ಹಾಗಿಲ್ಲ. ಹೊರಗಿಟ್ಟಿದ್ದ ಕಂಬಿ ಮಾತ್ರ ಸ್ವಲ್ಪ ತಕರಾರಿನದು: ಮೆಟೀರಿಯಲ್ ಸಮೇತ ಗುತ್ತಿಗೆ ಅಂದ್ರೆ ಬಳಸದ ಮಾಲು ಯಾರದು ಅನ್ನೋದು ಕರಾರು ಮತ್ತೆ ಬಿಲ್ ನೋಡಿ ಹೇಳಬೇಕು. ಹಂಗಾಗಿ ಸ್ಟೇಷನ್ನಲ್ಲಿ ಸೋರೋ ಮಾತೇ ಎತ್ತಬೇಡಿ, ಬೀಗ ಒಡೆದಿದ್ದು ಗ್ರಿಲ್ ಕಿತ್ತಿದ್ದು ಇಷ್ಟನ್ನೇ ತಾರೀಖು ಹಾಕಿ ಬೇರೆ ದೂರು ಕೊಡಿ. ಅವರು ತಗೊಳ್ಳಲಿಲ್ಲ ಅಂದ್ರೆ ಎಸ್‌ಪಿಗೆ ಪೋಸ್ಟಲ್ಲಿ ಕಳಿಸಿ, ಅದಕ್ಕೂ ಆಗಲಿಲ್ಲ ಅಂದ್ರೆ ಮ್ಯಾಜಿಸ್ಟ್ರೇಟ್ ಹತ್ರ. ಸಿವಿಲ್ ಕೋರ್ಟಲ್ಲಿ ಅತಿಕ್ರಮ ಪ್ರವೇಶಕ್ಕೆ ಪರಿಹಾರ ಕೇಳಕ್ಕೆ 3 ವರ್ಷ ಟೈಮ್ ಇದೆ, ಅಲ್ಲಿ ನಷ್ಟ ಎಷ್ಟಾಯ್ತು ಅಂತ ರೂಪಾಯಿ ಲೆಕ್ಕ ಕೊಡದೇ ಇದ್ರೂ ದಾವೆ ನಿಲ್ಲತ್ತೆ, ನಿರ್ಲಕ್ಷ್ಯದ ಕೇಸಲ್ಲಿ ಹಂಗಲ್ಲ, ನಷ್ಟ ತೋರಿಸ್ಲೇಬೇಕು. ಗುತ್ತಿಗೆ ರದ್ದಾಯ್ತು, ಇನ್ನು ಸೈಟಿಗೆ ಕಾಲಿಡಬೇಡ ಅಂತ ಬರವಣಿಗೇಲಿ ಕೊಟ್ಟಿದೀರಾ? ಇಲ್ಲ ಅಂದ್ರೆ ಇವತ್ತೇ ಕೊಡಿ, ಇಲ್ಲದಿದ್ರೆ ಕೆಲಸಕ್ಕೆ ಅಂತ ಬಂದಿದ್ದೆ ಅಂತಾನೆ.

ಪ್ರಶ್ನೆ: ಪಕ್ಕದ ಸೈಟಿನವರು ಬೇಸ್‌ಮೆಂಟಿಗೆ ಅಂತ ಆಳ ತೋಡಿದ್ರು, ನಮ್ಮ ಹಳೇ ಮನೆ ಗೋಡೆ ಬಿಟ್ಕೊಂಡಿದೆ. ಮಾಲೀಕರು 'ಕಾಂಟ್ರ್ಯಾಕ್ಟರ್ನ ಕೇಳ್ರಿ' ಅಂತಾರ.
— ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ಇಬ್ಬರನ್ನೂ ಕೇಳ್ರಿ. ಪಕ್ಕದ ಮನೆಯ ಆಸರೆ ತೆಗೆಯೋಂಥ ಅಪಾಯದ ಕೆಲಸ ಗುತ್ತಿಗೆಗೆ ಕೊಟ್ಟುಬಿಟ್ರೆ ಮಾಲೀಕನ ಜವಾಬ್ದಾರಿ ತಪ್ಪಲ್ಲ, ಈ ತತ್ವ 1876ರ ಇಂಗ್ಲೆಂಡಿನ ತೀರ್ಪಿನಷ್ಟು ಹಳೇದು. ನಿಮ್ಮ ಮನೆ ಅಲ್ಲಿ ನಿಂತು 20 ವರ್ಷ ದಾಟಿದ್ರೆ 1882ರ ಈಸ್‌ಮೆಂಟ್ ಕಾಯ್ದೆ ಪ್ರಕಾರ ಆ ಮಣ್ಣಿನ ಆಸರೆ ನಿಮ್ಮ ಹಕ್ಕೇ ಆಗಿರಬಹುದು, ಹಳೇ ಕಂದಾಯದ ರಸೀದಿ, ಕರೆಂಟ್ ಬಿಲ್ ಹುಡುಕಿ ಇಟ್ಕೊಳ್ರಿ. ನಿಮ್ಮ ಕಡೆದು ಎರೆ ಮಣ್ಣಾದ್ರೆ ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗತ್ತೆ, ಬಿರುಕು ಅದರಿಂದಲೇ ಬಂತು ಅಂತ ಅವರು ವಾದ ಮಾಡೋದು ಗ್ಯಾರಂಟಿ, ಅದಕ್ಕೇ ತೋಡೋ ಮುಂಚಿನ ಗೋಡೆ ಕಾಣೋ ಫೋಟೋ, ಮದುವೆದೋ ಹಬ್ಬದ್ದೋ, ಯಾವುದಾದ್ರೂ ಸರಿ, ಸಿಕ್ಕಿದ್ರೆ ಬಂಗಾರ. ಪರಿಹಾರದ ಮಾತು ಆಮೇಲೆ, ಇನ್ನೂ ತೋಡ್ತಾ ಇದ್ರೆ ಮೊದಲು ಸಿವಿಲ್ ಕೋರ್ಟಲ್ಲಿ ತಡೆಯಾಜ್ಞೆ ಕೇಳ್ರಿ, ಪಾಲಿಕೆಗೂ ಒಂದು ದೂರು ಬರೆದು ಸ್ವೀಕೃತಿ ತಗೊಳ್ರಿ.