ಎರಡು ಪೀರಿಯಡ್‌ಗೆ ಒಂದೇ ಘಟನೆ ಸಾಕು

ಮೇಡಂ, ಒಂಬತ್ತನೇ ಕ್ಲಾಸಿಗೆ ತಂತ್ರಜ್ಞಾನದ ಸರಿ-ತಪ್ಪು ಹೇಳಿಕೊಡಲು ಎರಡೇ ಪೀರಿಯಡ್ ಇದೆ, ಬುದ್ಧಿ ಹೇಳಿದರೆ ಮಕ್ಕಳು ಆಕಳಿಸುತ್ತಾರೆ ಎಂದಿದ್ದೀರಿ. ಆಕಳಿಸದೆ ಇನ್ನೇನು ಮಾಡ್ತಾರೆ ಹೇಳಿ!

ನಾನಾದರೆ ಒಂದೇ ಘಟನೆ ಹಿಡಿಯುತ್ತೇನೆ. 2018ರ ಜುಲೈ, ಬೀದರ್ ಜಿಲ್ಲೆಯ ಮುರ್ಕಿ. ಹೈದರಾಬಾದ್ ಕಡೆಯಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. 'ಮಕ್ಕಳ ಕಳ್ಳರು' ಎಂಬ ಸುದ್ದಿ ವಾಟ್ಸಾಪಿನಲ್ಲಿ ಅವರ ಕಾರಿಗಿಂತ ಮೊದಲೇ ಮುಂದಿನ ಊರು ಮುಟ್ಟಿತು. ಜನ ಅಡ್ಡಗಟ್ಟಿ ಹೊಡೆದರು. ಒಬ್ಬ ಯುವ ಎಂಜಿನಿಯರ್ ಸತ್ತೇಹೋದ.

ಆ ವರ್ಷ ದೇಶದ ತುಂಬ ಒಂದು ವಿಡಿಯೋ ಓಡಾಡುತ್ತಿತ್ತು: ಬೈಕಿನವರು ಮಗುವನ್ನು ಎತ್ತಿಕೊಂಡು ಹೋಗುವುದು. ಅಸಲಿಗೆ ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗೆಂದು ಮಾಡಿದ್ದ ಜಾಗೃತಿ ಚಿತ್ರ. ಕೊನೆಯಲ್ಲಿ ಮಗುವನ್ನು ವಾಪಸ್ ಬಿಡುತ್ತಾರೆ. ಆ ತುಂಡನ್ನೇ ಯಾರೋ ಕತ್ತರಿಸಿದ್ದರು!

ಈಗ ಬೋರ್ಡಿನ ಮೇಲೆ ಬರೆಯಿರಿ: ಕತ್ತರಿಸಿದವನು, ಫಾರ್ವರ್ಡ್ ಮಾಡಿದವನು, ಗ್ರೂಪ್ ಅಡ್ಮಿನ್, ಆ್ಯಪ್ ಕಂಪನಿ, ಕಲ್ಲೆತ್ತಿದವನು. ತಪ್ಪಿಗೆ ಒಟ್ಟು 100 ಅಂಕ, ಒಂದೊಂದು ಬೆಂಚಿನವರೂ ಹಂಚಲಿ. ಜಗಳ ಆಗುತ್ತೆ, ಆಗಲಿ ಬಿಡಿ. ನಿಮ್ಮ ಅಂಕ ಮಾತ್ರ ಬೇಗ ಹೇಳಬೇಡಿ, ಎಲ್ಲರೂ ಅದನ್ನೇ ಕಾಪಿ ಹೊಡೀತಾರೆ.

ಎರಡನೇ ಪೀರಿಯಡ್‌ಗೆ: ಅದೇ ಜುಲೈನಲ್ಲಿ ವಾಟ್ಸಾಪ್ ಭಾರತದಲ್ಲಿ ಫಾರ್ವರ್ಡನ್ನು ಒಂದು ಸಲಕ್ಕೆ 5 ಚಾಟ್‌ಗೆ ಇಳಿಸಿತು. ಅಷ್ಟು ಸಾಕಿತ್ತಾ? ನೀವೇ ಆ್ಯಪ್ ಮಾಡಿದ್ದರೆ ಏನು ಬದಲಾಯಿಸುತ್ತಿದ್ದಿರಿ? ಇದನ್ನು ಕೇಳಿ.

ಹೊಡೆತದ ದೃಶ್ಯ ಮಾತ್ರ ಖಂಡಿತ ತೋರಿಸಬೇಡಿ. ಬಾಯಲ್ಲಿ ಹೇಳಿದರೆ ಸಾಕು.